ಬಿಸಿಲಿನ ಕರೆಂಟು: ಮನೆಯಲ್ಲಿ ಕಟ್ಟುವ ಇನ್ವರ್ಟರು ಮತ್ತು ಅದರ ಪರೀಕ್ಷೆ



ಸಂಜೆ ಕೊಟ್ಟಿಗೆಯಲ್ಲಿ ಹಾಲು ಕರೆಯಲು ಕುಳಿತ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುವುದು ನಮಗೆಲ್ಲ ಅನುಭವದ ಮಾತು. ತೋಟದ ಮನೆಗೆ ಲೈನೇ ಎಳೆಸದವರೂ ನಮ್ಮಲ್ಲಿ ಉಂಟು. ಹಗಲೆಲ್ಲ ತಲೆಯ ಮೇಲೆ ಸುರಿಯುವ ಬಿಸಿಲನ್ನು ಹಿಡಿದಿಟ್ಟು, ರಾತ್ರಿ ನಾಲ್ಕು ದೀಪ ಉರಿಸಿಕೊಳ್ಳಲು ಸಾಧ್ಯವಾದರೆ ಯಾರಿಗೆ ಬೇಡ? ಸೋಲಾರ್ ಪ್ಯಾನೆಲು, ಬ್ಯಾಟರಿ ಈಗ ತಾಲ್ಲೂಕಿನ ಪೇಟೆಯಲ್ಲೇ ದೊರೆಯುತ್ತವೆ. ಐ.ಟಿ.ಐ. ಕಲಿತ ಹುಡುಗರು ಹಳ್ಳಿಗಳಲ್ಲೇ ಇದ್ದಾರೆ. ಇನ್ವರ್ಟರನ್ನು ನಾವೇ ಏಕೆ ಕಟ್ಟಬಾರದು ಎಂದು ಅವರಲ್ಲಿ ಕೆಲವರು ಕೇಳುತ್ತಾರೆ.

ಕಟ್ಟಬಹುದು. ಆದರೆ ಕಟ್ಟುವುದು ಅರ್ಧ ಕೆಲಸ, ಪರೀಕ್ಷೆ ಮಾಡುವುದು ಉಳಿದರ್ಧ. ಬಿತ್ತನೆಗೆ ಮುಂಚೆ ನೂರು ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಎಷ್ಟು ಮೊಳೆತವು ಎಂದು ನೋಡುತ್ತೇವೆ. ಬೀಜ ಹುಸಿಯಾದರೆ ಒಂದು ಬೆಳೆ ಹೋಗುತ್ತದೆ. ಇನ್ವರ್ಟರು ಹುಸಿಯಾದರೆ ಮನೆ ಸುಡಬಹುದು, ಜೀವ ಹೋಗಬಹುದು. ಆದುದರಿಂದ ಈ ಪಾಠದಲ್ಲಿ ನೂರು ವ್ಯಾಟಿನ ಸಣ್ಣ ಇನ್ವರ್ಟರನ್ನು ಕಟ್ಟುವ ಕ್ರಮವನ್ನೂ, ಅದನ್ನು ಹಂತಹಂತವಾಗಿ ಪರೀಕ್ಷಿಸುವ ಕ್ರಮವನ್ನೂ ಜೊತೆಜೊತೆಯಾಗಿಯೇ ಹೇಳಿದ್ದೇವೆ. ವಿದ್ಯುತ್ ಕೆಲಸ ಬಲ್ಲವರೊಬ್ಬರನ್ನು ಪಕ್ಕದಲ್ಲಿ ಇಟ್ಟುಕೊಂಡೇ ಈ ಕೆಲಸಕ್ಕೆ ಕೈ ಹಾಕಿರಿ.

೧. ಬಿಸಿಲಿನಿಂದ ದೀಪದವರೆಗೆ

ಕೆರೆಯನ್ನು ನೆನೆಯಿರಿ. ಮಳೆ ಬಂದಾಗ ತುಂಬುತ್ತದೆ. ಬೇಕಾದಾಗ ತೂಬು ಎತ್ತಿ ನೀರು ಬಿಡುತ್ತೇವೆ. ಹೆಚ್ಚಾದದ್ದು ಕೋಡಿಯಲ್ಲಿ ಹರಿದುಹೋಗುತ್ತದೆ. ನಮ್ಮ ಏರ್ಪಾಟೂ ಹೀಗೆಯೇ. ಬಿಸಿಲು ಮಳೆಯಿದ್ದಂತೆ. ಅದನ್ನು ಹಿಡಿಯುವುದು ಪ್ಯಾನೆಲು. ಬ್ಯಾಟರಿಯೇ ಕೆರೆ. ಚಾರ್ಜ್ ಕಂಟ್ರೋಲರ್ ಎಂಬ ಪುಟ್ಟ ಪೆಟ್ಟಿಗೆ ಕೋಡಿಯ ಕೆಲಸ ಮಾಡುತ್ತದೆ: ಬ್ಯಾಟರಿ ತುಂಬಿದ ಮೇಲೆ ಹೆಚ್ಚಿನ ಕರೆಂಟು ಒಳಗೆ ನುಗ್ಗದಂತೆ ತಡೆಯುತ್ತದೆ.

ಪ್ಯಾನೆಲಿನಿಂದಲೂ ಬ್ಯಾಟರಿಯಿಂದಲೂ ಬರುವುದು ಡಿ.ಸಿ. ಕರೆಂಟು. ಅದು ಕಾಲುವೆಯ ನೀರಿನಂತೆ ಒಂದೇ ಕಡೆಗೆ ಹರಿಯುತ್ತದೆ. ಮನೆಯ ಲೈನಿನಲ್ಲಿ ಬರುವುದು ಎ.ಸಿ. ಕರೆಂಟು. ಅದು ಸೆಕೆಂಡಿಗೆ ೫೦ ಸಲ ಹೋಗಿ ಬಂದು ದಿಕ್ಕು ಬದಲಿಸುತ್ತದೆ. ಬ್ಯಾಟರಿಯ ೧೨ ವೋಲ್ಟ್ ಡಿ.ಸಿ.ಯನ್ನು ೨೩೦ ವೋಲ್ಟ್ ಎ.ಸಿ. ಮಾಡಿಕೊಡುವ ಯಂತ್ರವೇ ಇನ್ವರ್ಟರು. ಅದರಲ್ಲಿ ಎರಡು ಭಾಗಗಳಿವೆ: ಕರೆಂಟಿನ ದಿಕ್ಕು ಬದಲಿಸುವ ಭಾಗ ಒಂದು, ವೋಲ್ಟು ಏರಿಸುವ ಟ್ರಾನ್ಸ್‌ಫಾರ್ಮರು ಇನ್ನೊಂದು.

೨. ಹಾಸಿಗೆ ಇದ್ದಷ್ಟು ಕಾಲು ಚಾಚಿರಿ

ಮೊದಲು ಲೆಕ್ಕ ಹಾಕಿರಿ. ೯ ವ್ಯಾಟಿನ ನಾಲ್ಕು ಎಲ್.ಇ.ಡಿ. ಬಲ್ಬುಗಳನ್ನು ರಾತ್ರಿ ೫ ಗಂಟೆ ಉರಿಸಿದರೆ ೧೮೦ ವ್ಯಾಟ್-ಗಂಟೆ ಖರ್ಚು. ನಾಲ್ಕು ಮೊಬೈಲು ತುಂಬಿಸಲು ಸುಮಾರು ೪೦. ಒಟ್ಟು ೨೨೦. ಇನ್ವರ್ಟರಿನಲ್ಲೇ ಕಾಲು ಭಾಗದಷ್ಟು ಸೋರಿಹೋಗುತ್ತದೆ ಎಂದಿಟ್ಟುಕೊಂಡರೆ ಬ್ಯಾಟರಿಯಿಂದ ೨೯೦ರಷ್ಟು ತೆಗೆಯಬೇಕಾಗುತ್ತದೆ.

೧೦೦ ವ್ಯಾಟಿನ ಒಂದು ಪ್ಯಾನೆಲು ಒಳ್ಳೆಯ ಬಿಸಿಲಿನ ದಿನ ಸುಮಾರು ೪೦೦ ವ್ಯಾಟ್-ಗಂಟೆ ಕೊಡುತ್ತದೆ. ೧೨ ವೋಲ್ಟ್ ೧೦೦ ಆಂಪಿಯರ್-ಗಂಟೆಯ ಬ್ಯಾಟರಿ ೧,೨೦೦ ವ್ಯಾಟ್-ಗಂಟೆ ಹಿಡಿಯುತ್ತದೆ. ಆದರೆ ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಹೆಚ್ಚು ಬಳಸಬಾರದು. ಉಳಿಯುವುದು ೬೦೦. ಎರಡು ರಾತ್ರಿಗೆ ಸಾಕು. ಮಲೆನಾಡಿನ ಮಳೆಗಾಲದಲ್ಲಿ ಪ್ಯಾನೆಲಿನ ಹುಟ್ಟುವಳಿ ತೀರ ಇಳಿಯುತ್ತದೆ. ಆಗ ದೀಪಗಳನ್ನೂ ಕಡಿಮೆ ಮಾಡಿಕೊಳ್ಳಬೇಕು.

ಈ ಇನ್ವರ್ಟರಿಗೆ ಪಂಪುಸೆಟ್ಟು ಕಟ್ಟುವ ಆಸೆ ಖಂಡಿತ ಬೇಡ. ೫ ಅಶ್ವಶಕ್ತಿ ಎಂದರೆ ೩,೭೩೦ ವ್ಯಾಟು. ಅದನ್ನು ೧೨ ವೋಲ್ಟಿನ ಬ್ಯಾಟರಿಯಿಂದ ಎಳೆದರೆ ೩೦೦ ಆಂಪಿಯರಿಗೂ ಮೀರುತ್ತದೆ. ಮೋಟಾರು ಹೊರಡುವಾಗಿನ ಎಳೆತ ಅದರ ಹಲವು ಪಟ್ಟು. ನೀರೆತ್ತಲು ಬ್ಯಾಟರಿಯಿಲ್ಲದೆ ನೇರವಾಗಿ ಪ್ಯಾನೆಲಿನಿಂದ ಓಡುವ ಸೋಲಾರ್ ಪಂಪುಗಳೇ ಬೇರೆ ಇವೆ. ಅವುಗಳಿಗೆ ನೆರವು ಕೊಡಲೆಂದೇ ಕೇಂದ್ರ ಸರ್ಕಾರವು ೨೦೧೯ರಲ್ಲಿ ಪಿ.ಎಂ. ಕುಸುಮ್ ಯೋಜನೆಯನ್ನು ಆರಂಭಿಸಿತು. ಮನೆಯಲ್ಲಿ ಕಟ್ಟಿದ್ದು ಮನೆಯ ದೀಪಕ್ಕೆ ಮಾತ್ರ.

೩. ಟ್ರಾನ್ಸ್‌ಫಾರ್ಮರು ಕೆಲಸ ಮಾಡುವ ಬಗೆ

ಊರ ಹೊರಗೆ ಕಂಬಗಳ ನಡುವೆ ಕುಳಿತಿರುವ ಟಿ.ಸಿ.ಯನ್ನು ನೀವು ದಿನವೂ ನೋಡುತ್ತೀರಿ. ಅದು ೧೧,೦೦೦ ವೋಲ್ಟನ್ನು ಇಳಿಸಿ, ಮೂರು ಫೇಸಿಗೆ ೪೩೩ ವೋಲ್ಟು ಮಾಡಿ ಕೊಡುತ್ತದೆ. ನಾವು ಕಟ್ಟುವುದೂ ಅದೇ ಜಾತಿಯದು. ಗಾತ್ರ ಮಾತ್ರ ಅಂಗೈಯಷ್ಟು.

೧೮೩೧ರಲ್ಲಿ ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ ಒಂದು ಕಬ್ಬಿಣದ ಬಳೆಗೆ ಎರಡು ತಂತಿ ಸುರುಳಿಗಳನ್ನು ಬೇರೆಬೇರೆಯಾಗಿ ಸುತ್ತಿ ನೋಡಿದರು. ಒಂದು ಸುರುಳಿಗೆ ಬ್ಯಾಟರಿ ಮುಟ್ಟಿಸಿದ ಕ್ಷಣ, ಇನ್ನೊಂದು ಸುರುಳಿಗೆ ಜೋಡಿಸಿದ ಮೀಟರಿನ ಮುಳ್ಳು ಅಲುಗಿತು. ಮುಟ್ಟಿಸಿಯೇ ಇಟ್ಟಾಗ ಮುಳ್ಳು ಸುಮ್ಮನೆ ನಿಂತಿತು. ತೆಗೆದ ಕ್ಷಣ ಮತ್ತೆ ಅಲುಗಿತು. ಇದರಿಂದ ತಿಳಿಯುವುದೇನೆಂದರೆ, ಕರೆಂಟು ಬದಲಾಗುತ್ತಿದ್ದರೆ ಮಾತ್ರ ಅದರ ಪ್ರಭಾವ ಒಂದು ಸುರುಳಿಯಿಂದ ಇನ್ನೊಂದಕ್ಕೆ ದಾಟುತ್ತದೆ. ಆದುದರಿಂದ ಬ್ಯಾಟರಿಯನ್ನು ನೇರವಾಗಿ ಟ್ರಾನ್ಸ್‌ಫಾರ್ಮರಿಗೆ ಕಟ್ಟಿದರೆ ವೋಲ್ಟು ಏರುವುದಿಲ್ಲ, ತಂತಿ ಸುಡುತ್ತದೆ, ಅಷ್ಟೆ.

ಎ.ಸಿ. ಕರೆಂಟನ್ನು ಟ್ರಾನ್ಸ್‌ಫಾರ್ಮರಿನಿಂದ ಏರಿಸಬಹುದು, ಇಳಿಸಬಹುದು. ಈ ಅನುಕೂಲದಿಂದಲೇ ೧೯೦೨ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಲುಪಿತು.

ಬ್ಯಾಟರಿಯ ಕರೆಂಟನ್ನು ಬದಲಾಗುವಂತೆ ಮಾಡುವುದು ಹೇಗೆ? ಮಜ್ಜಿಗೆ ಕಡೆಯುವುದನ್ನು ನೋಡಿರಿ. ಕಡೆಗೋಲಿಗೆ ಹಗ್ಗ ಸುತ್ತಿ, ಒಮ್ಮೆ ಬಲಗೈ ಎಳೆಯುತ್ತದೆ, ಒಮ್ಮೆ ಎಡಗೈ. ಕಡೆಗೋಲು ಅತ್ತಿತ್ತ ತಿರುಗುತ್ತದೆ. ಎಳೆಯುವ ಕೈ ಎರಡೂ ಒಬ್ಬರವೇ ಆದರೂ ಕೋಲಿನ ದಿಕ್ಕು ಬದಲಾಗುತ್ತಲೇ ಇರುತ್ತದೆ. ನಮ್ಮ ಟ್ರಾನ್ಸ್‌ಫಾರ್ಮರಿನ ಬ್ಯಾಟರಿ ಕಡೆಯ ಸುರುಳಿಯಲ್ಲೂ ಎರಡು ಭಾಗಗಳು. ನಡುವಿನ ತಂತಿಗೆ ಬ್ಯಾಟರಿಯ ಪ್ಲಸ್. ಎರಡು ತುದಿಗಳನ್ನು ಸರದಿಯ ಮೇಲೆ ಮೈನಸ್ಸಿಗೆ ಮುಟ್ಟಿಸುತ್ತ ಬಂದರೆ ಕಬ್ಬಿಣದಲ್ಲಿ ಅಯಸ್ಕಾಂತ ಶಕ್ತಿ ಅತ್ತಿತ್ತ ತಿರುಗುತ್ತದೆ. ಎರಡು ಕೈಗಳೂ ಒಮ್ಮೆಲೇ ಎಳೆದರೆ ಕಡೆಗೋಲು ನಿಂತು ಹಗ್ಗ ಹರಿಯುತ್ತದೆ. ಇಲ್ಲಿಯೂ ಹಾಗೆಯೇ ಎಂಬುದನ್ನು ನೆನಪಿನಲ್ಲಿಡಿರಿ.

೪. ಸುತ್ತಿನ ಲೆಕ್ಕ

ವೈಂಡಿಂಗ್ ಅಂಗಡಿಯಲ್ಲಿ ಇಂಗ್ಲಿಷಿನ ಇ ಮತ್ತು ಐ ಅಕ್ಷರದ ಆಕಾರದ ಸಿಲಿಕಾನ್ ಉಕ್ಕಿನ ತಗಡುಗಳು ಸಿಗುತ್ತವೆ. ಸ್ಟ್ಯಾಂಪಿಂಗ್ ಎಂದು ಕೇಳಿರಿ. ನಡುವಿನ ನಾಲಿಗೆ ೩೮ ಮಿಲಿಮೀಟರ್ ಅಗಲವಿರುವುದನ್ನು ಆರಿಸಿ, ೩೨ ಮಿಲಿಮೀಟರ್ ದಪ್ಪ ಬರುವಷ್ಟು ಜೋಡಿಸಿದರೆ ನಾಲಿಗೆಯ ವಿಸ್ತೀರ್ಣ ಸುಮಾರು ೧೨ ಚದರ ಸೆಂಟಿಮೀಟರ್ ಆಗುತ್ತದೆ. ನೂರು ವ್ಯಾಟಿಗೆ ಇಷ್ಟು ಬೇಕು.

ಒಂದು ವೋಲ್ಟಿಗೆ ಎಷ್ಟು ಸುತ್ತು? ೫೦ ಸೈಕಲ್ಲಿನ ಕರೆಂಟಿಗೆ ಸುಲಭ ಸೂತ್ರವಿದು: ೪೮ನ್ನು ನಾಲಿಗೆಯ ವಿಸ್ತೀರ್ಣದಿಂದ ಭಾಗಿಸಿರಿ. ೪೮ನ್ನು ೧೨ರಿಂದ ಭಾಗಿಸಿದರೆ ೪. ಎಂದರೆ ವೋಲ್ಟಿಗೆ ೪ ಸುತ್ತು. ಇದಕ್ಕಿಂತ ಕಡಿಮೆ ಸುತ್ತಿದರೆ ಕಬ್ಬಿಣವು ತನ್ನ ಶಕ್ತಿ ಮೀರಿ ತುಂಬಿ, ದೀಪವಿಲ್ಲದೆಯೇ ಕರೆಂಟು ನುಂಗಿ ಕಾಯುತ್ತದೆ.

ಬ್ಯಾಟರಿಯ ಹೆಸರು ೧೨ ವೋಲ್ಟ್ ಎಂದಿದ್ದರೂ ಅದು ೧೧.೫ರಿಂದ ೧೪.೪ರವರೆಗೆ ಏರಿಳಿಯುತ್ತದೆ. ಆದುದರಿಂದ ೧೩ ಎಂದು ಹಿಡಿಯೋಣ. ೧೩ನ್ನು ೪ರಿಂದ ಗುಣಿಸಿದರೆ ೫೨. ಬ್ಯಾಟರಿ ಕಡೆಯ ಪ್ರತಿ ಭಾಗಕ್ಕೆ ೫೨ ಸುತ್ತು. ದೀಪದ ಕಡೆಗೆ ೨೩೦ನ್ನು ೪ರಿಂದ ಗುಣಿಸಿ, ೯೨೦ ಸುತ್ತು. ಹೀಗೆ ಮಾಡಿದರೆ ಬ್ಯಾಟರಿ ಇಳಿದಾಗ ಸುಮಾರು ೨೦೩, ಹಗಲು ತುಂಬುತ್ತಿರುವಾಗ ಸುಮಾರು ೨೫೫ ವೋಲ್ಟು ದೊರೆಯುತ್ತದೆ. ಎಲ್.ಇ.ಡಿ. ಬಲ್ಬು ಇದನ್ನು ತಾಳಿಕೊಳ್ಳುತ್ತದೆ. ಟಿ.ವಿ.ಯಂಥ ನಾಜೂಕಾದ ಯಂತ್ರಗಳನ್ನು ಇದಕ್ಕೆ ಹಚ್ಚಬೇಡಿರಿ. ಫ್ಯಾನು ಗುಂಯ್‌ಗುಟ್ಟಿ ಕಾಯುತ್ತದೆ. ಏಕೆಂದರೆ ಈ ಕರೆಂಟು ಲೈನಿನದರಂತೆ ಅಲೆಯಲೆಯಾಗಿ ಏರಿಳಿಯುವುದಿಲ್ಲ, ಮೆಟ್ಟಿಲಿನಂತೆ ಥಟ್ಟನೆ ಏರಿ ಥಟ್ಟನೆ ಇಳಿಯುತ್ತದೆ.

ತಂತಿಯ ದಪ್ಪವೂ ಲೆಕ್ಕದ್ದೇ. ನೂರು ವ್ಯಾಟಿಗೆ ಬ್ಯಾಟರಿಯಿಂದ ೧೦ ಆಂಪಿಯರಿಗೂ ಸ್ವಲ್ಪ ಮೇಲೆ ಹರಿಯುತ್ತದೆ. ಆ ಕಡೆಗೆ ೧೫ ಗೇಜಿನ ಎನಾಮೆಲ್ ತಂತಿ. ದೀಪದ ಕಡೆಗೆ ಅರ್ಧ ಆಂಪಿಯರಿಗಿಂತ ಕಡಿಮೆ. ಅಲ್ಲಿಗೆ ೨೬ ಗೇಜು ಸಾಕು.

೫. ಸುತ್ತುವ ಕ್ರಮ

ಬಾಬಿನ್ನಿನ ಮೇಲೆ ಮೊದಲು ೨೬ ಗೇಜಿನ ೯೨೦ ಸುತ್ತುಗಳನ್ನು ಒತ್ತೊತ್ತಾಗಿ ಸುತ್ತಿರಿ. ಪ್ರತಿ ಪದರದ ಮೇಲೂ ತೆಳು ಇನ್ಸುಲೇಷನ್ ಕಾಗದ ಹಾಕಿರಿ. ನೂರು ಸುತ್ತಾದಾಗಲೊಮ್ಮೆ ಗೋಡೆಯ ಮೇಲೆ ಗೆರೆ ಎಳೆಯಿರಿ; ಲೆಕ್ಕ ತಪ್ಪುವುದಿಲ್ಲ. ಇದರ ಮೇಲೆ ದಪ್ಪ ಕಾಗದದ ಎರಡು ಮೂರು ಸುತ್ತು ಬಿಗಿಯಾಗಿ ಬರಲಿ. ಎರಡು ಸುರುಳಿಗಳ ನಡುವಣ ಈ ಕಾಗದವೇ ನಿಮ್ಮ ಜೀವರಕ್ಷೆ. ಇದರಲ್ಲಿ ಜಿಪುಣತನ ಬೇಡ.

ಆಮೇಲೆ ೧೫ ಗೇಜಿನ ಎರಡು ತಂತಿಗಳನ್ನು ಜೋಡಿ ಎತ್ತಿನಂತೆ ಪಕ್ಕಪಕ್ಕದಲ್ಲಿ ಹಿಡಿದು, ಒಟ್ಟಿಗೇ ೫೨ ಸುತ್ತು ಸುತ್ತಿರಿ. ಎರಡು ಭಾಗಗಳೂ ಸಮನಾಗಲು ಇದೇ ಸರಿಯಾದ ದಾರಿ. ಈಗ ನಾಲ್ಕು ತುದಿಗಳು ಹೊರಗಿರುತ್ತವೆ. ಮೊದಲನೆಯ ತಂತಿಯ ಕೊನೆಯನ್ನು ಎರಡನೆಯ ತಂತಿಯ ಆರಂಭಕ್ಕೆ ಸೇರಿಸಿ ಬೆಸುಗೆ ಹಾಕಿರಿ. ಇದು ನಡುವಿನ ತಂತಿ. ಉಳಿದ ಎರಡು ತುದಿಗಳು ಎಡಗೈ, ಬಲಗೈ.

ಇ ತಗಡುಗಳನ್ನು ಒಂದು ಬಲದಿಂದ, ಒಂದು ಎಡದಿಂದ ಸೇರಿಸುತ್ತ, ಬಿಟ್ಟ ಜಾಗಕ್ಕೆ ಐ ತಗಡು ತುಂಬಿ, ಬೋಲ್ಟು ಬಿಗಿಯಿರಿ. ಸಡಿಲವಾದರೆ ಝೇಂಕರಿಸುತ್ತದೆ. ವಾರ್ನಿಷ್ ಈಗಲೇ ಬೇಡ. ವಾರ್ನಿಷ್ ಒಣಗಿದ ಮೇಲೆ ತಪ್ಪು ತಿದ್ದಲಾಗದು. ಮೊದಲು ಪರೀಕ್ಷೆ.

೬. ಟ್ರಾನ್ಸ್‌ಫಾರ್ಮರಿನ ನಾಲ್ಕು ಪರೀಕ್ಷೆಗಳು

ಮೊದಲನೆಯದು, ತಂತಿ ತುಂಡಾಗಿಲ್ಲವೆಂದು ನೋಡುವುದು. ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ತುದಿಗಳನ್ನು ಮುಟ್ಟಿಸಿರಿ. ದೀಪದ ಕಡೆ ೧೫ರಿಂದ ೨೦ ಓಮ್ ತೋರಬೇಕು. ಬ್ಯಾಟರಿ ಕಡೆ ಬಹುಮಟ್ಟಿಗೆ ಸೊನ್ನೆ. ದೀಪದ ಕಡೆಗೂ ಬ್ಯಾಟರಿ ಕಡೆಗೂ ನಡುವೆ ಏನನ್ನೂ ತೋರಬಾರದು.

ಎರಡನೆಯದು, ಸೋರಿಕೆಯ ಪರೀಕ್ಷೆ. ಇದಕ್ಕೆ ಮಲ್ಟಿಮೀಟರು ಸಾಲದು. ಅದರೊಳಗಿನ ಪುಟ್ಟ ಸೆಲ್ಲಿನ ಒತ್ತಡಕ್ಕೆ ಸೋರದ ಕಾಗದ, ೨೩೦ ವೋಲ್ಟಿಗೆ ಸೋರಬಹುದು. ವೈಂಡಿಂಗ್ ಅಂಗಡಿಯಲ್ಲಿ ೫೦೦ ವೋಲ್ಟಿನ ಮೆಗ್ಗರ್ ಇರುತ್ತದೆ. ಸುರುಳಿಗಳೆರಡರ ನಡುವೆಯೂ, ಪ್ರತಿ ಸುರುಳಿಗೂ ಕಬ್ಬಿಣಕ್ಕೂ ನಡುವೆಯೂ ಹಿಡಿಸಿ ನೋಡಿರಿ. ಹೊಸ ಸುರುಳಿ ಅನೇಕ ಮೆಗಾಓಮ್ ತೋರಬೇಕು. ಒಂದು ಮೆಗಾಓಮಿಗಿಂತ ಕೆಳಗಿದ್ದರೆ ಬಿಚ್ಚಿ ಮತ್ತೆ ಸುತ್ತುವುದೇ ಸರಿ.

ಮೂರನೆಯದು ಸೀರೀಸ್ ಬಲ್ಬಿನ ಪರೀಕ್ಷೆ. ಇದು ಈ ಪಾಠದ ಹೃದಯ. ೬೦ ವ್ಯಾಟಿನ ಹಳೆಯ ತಂತಿ ಬಲ್ಬೊಂದನ್ನು ಸಂಪಾದಿಸಿರಿ, ಎಲ್.ಇ.ಡಿ. ಇದಕ್ಕೆ ಬಾರದು. ಲೈನಿನ ಫೇಸು ಮೊದಲು ಈ ಬಲ್ಬಿನ ಮೂಲಕ ಹಾದು, ಆಮೇಲೆ ೯೨೦ ಸುತ್ತಿನ ಸುರುಳಿಗೆ ಬರಬೇಕು. ಲೈನು ಮುಟ್ಟುವ ಕೆಲಸವಾದ್ದರಿಂದ ಇದನ್ನು ಎಲೆಕ್ಟ್ರೀಷಿಯನ್ನರ ಅಥವಾ ವೈಂಡಿಂಗ್ ಅಂಗಡಿಯವರ ಕೈಯಲ್ಲೇ ಮಾಡಿಸಿರಿ. ಬ್ಯಾಟರಿ ಕಡೆಯ ತುದಿಗಳು ಒಂದನ್ನೊಂದು ಮುಟ್ಟದೆ ಬಿಡಿಯಾಗಿರಲಿ. ಸ್ವಿಚ್ಚು ಒತ್ತಿದಾಗ ಬಲ್ಬು ಉರಿಯಬಾರದು. ಹೆಚ್ಚೆಂದರೆ ಒಳಗಿನ ತಂತಿ ಕೆಂಪಗೆ ಮಿಣುಕಬಹುದು. ಬಲ್ಬು ಬೆಳ್ಳಗೆ ಉರಿದರೆ ಎಲ್ಲೋ ಎರಡು ಸುತ್ತುಗಳು ಎನಾಮೆಲ್ ಉಜ್ಜಿಹೋಗಿ ಒಂದಾಗಿವೆ ಎಂದು ಅರ್ಥ. ಬಲ್ಬು ಇಲ್ಲದೆ ನೇರ ಕೊಟ್ಟಿದ್ದರೆ ಸುರುಳಿ ಹೊಗೆಯಾಡುತ್ತಿತ್ತು. ಬಲ್ಬು ಆ ಏಟನ್ನು ತಾನು ತಿಂದು ನಿಮಗೆ ಸುದ್ದಿ ಹೇಳಿತು.

ಬಲ್ಬು ಆರಿಯೇ ಇದ್ದರೆ, ಮೀಟರನ್ನು ಎ.ಸಿ. ವೋಲ್ಟಿಗೆ ಇಟ್ಟು ಬ್ಯಾಟರಿ ಕಡೆ ಅಳೆಯಿರಿ. ನಡುವಿನ ತಂತಿಯಿಂದ ಎಡತುದಿಗೆ ಸುಮಾರು ೧೩, ಬಲತುದಿಗೆ ೧೩, ಎಡತುದಿಯಿಂದ ಬಲತುದಿಗೆ ೨೬ ಬರಬೇಕು. ತುದಿಯಿಂದ ತುದಿಗೆ ೨೬ರ ಬದಲು ಸೊನ್ನೆ ಬಂದರೆ ನಡುವಿನ ಬೆಸುಗೆ ತಪ್ಪಾಗಿದೆ: ಆರಂಭಕ್ಕೆ ಆರಂಭವನ್ನೇ ಸೇರಿಸಿದ್ದೀರಿ. ಎರಡು ಎತ್ತುಗಳು ಎದುರುಬದುರು ಎಳೆಯುತ್ತಿವೆ. ಬಿಚ್ಚಿ ಸರಿಯಾಗಿ ಸೇರಿಸಿರಿ.

ನಾಲ್ಕನೆಯದು, ಕಾವಿನ ಪರೀಕ್ಷೆ. ಮೇಲಿನ ಮೂರರಲ್ಲೂ ಗೆದ್ದ ಮೇಲೆ ಮಾತ್ರ ಬಲ್ಬು ತೆಗೆದು, ಫ್ಯೂಸಿನ ಮೂಲಕ ಲೈನಿಗೆ ಕೊಟ್ಟು ಒಂದು ಗಂಟೆ ಬಿಡಿರಿ. ಆಮೇಲೆ ಪ್ಲಗ್ಗು ಕಿತ್ತು ಕಬ್ಬಿಣವನ್ನು ಮುಟ್ಟಿ ನೋಡಿರಿ. ಉಗುರುಬೆಚ್ಚಗಿರಬಹುದು. ಕೈ ಇಡಲಾಗದಷ್ಟು ಸುಟ್ಟರೆ ಸುತ್ತು ಕಡಿಮೆಯಾಗಿದೆ ಅಥವಾ ತಗಡು ಕಳಪೆಯದು. ಗೆದ್ದರೆ ವಾರ್ನಿಷ್ ಕುಡಿಸಿ, ಚೆನ್ನಾಗಿ ಒಣಗಿಸಿರಿ.

೭. ಎಡಗೈ ಬಲಗೈ ಆಡಿಸುವ ಭಾಗ

ಸರದಿಯ ಮೇಲೆ ಎಳೆಯುವ ಎರಡು ಕೈಗಳೇ ಎರಡು ಮಾಸ್ಫೆಟ್‌ಗಳು. ಇವು ವಿದ್ಯುತ್ತಿನಿಂದಲೇ ತೆರೆದು ಮುಚ್ಚುವ ತೂಬುಗಳು. ಐ.ಆರ್.ಎಫ್.ಝಡ್. ೪೪ ಎನ್ ಎಂಬುದು ಎಲ್ಲ ಕಡೆ ಸಿಗುವ ಜಾತಿ. ಇವಕ್ಕೆ ತಾಳ ಹಾಕಿಕೊಡುವುದು ಸಿ.ಡಿ. ೪೦೪೭ ಎಂಬ ೧೪ ಕಾಲಿನ ಐ.ಸಿ.

ಐ.ಸಿ.ಯ ೪, ೫, ೬, ೧೪ನೆಯ ಕಾಲುಗಳು ಪ್ಲಸ್ಸಿಗೆ. ೭, ೮, ೯, ೧೨ನೆಯ ಕಾಲುಗಳು ಮೈನಸ್ಸಿಗೆ. ೧ ಮತ್ತು ೩ರ ನಡುವೆ ೦.೧ ಮೈಕ್ರೋಫ್ಯಾರಡ್ ಕೆಪಾಸಿಟರು. ೨ ಮತ್ತು ೩ರ ನಡುವೆ ೩೯ ಕಿಲೋಓಮ್ ರೆಸಿಸ್ಟರು, ಅದರೊಂದಿಗೆ ಸಾಲಾಗಿ ೧೦ ಕಿಲೋಓಮಿನ ಪ್ರಿಸೆಟ್ಟು. ಎರಡೂ ಕೂಡಿ ಸುಮಾರು ೪೫ ಕಿಲೋಓಮ್ ಆದಾಗ ತಾಳ ಸೆಕೆಂಡಿಗೆ ೫೦ಕ್ಕೆ ನಿಲ್ಲುತ್ತದೆ. ೧೦ ಮತ್ತು ೧೧ನೆಯ ಕಾಲುಗಳಲ್ಲಿ ಒಂದು ಎದ್ದಾಗ ಇನ್ನೊಂದು ಕೂರುತ್ತದೆ. ಇವನ್ನು ೧೦೦ ಓಮಿನ ಒಂದೊಂದು ರೆಸಿಸ್ಟರಿನ ಮೂಲಕ ಮಾಸ್ಫೆಟ್‌ಗಳ ಗೇಟಿಗೆ ಕೊಡಿರಿ. ಪ್ರತಿ ಗೇಟಿನಿಂದ ಮೈನಸ್ಸಿಗೆ ೧೦ ಕಿಲೋಓಮ್ ಹಾಕಿರಿ. ತಾಳ ನಿಂತರೆ ತೂಬು ತಾನಾಗಿ ಮುಚ್ಚಲಿ ಎಂದು.

ಅಕ್ಷರವಿರುವ ಮುಖ ನಿಮ್ಮ ಕಡೆಗೂ, ಕಾಲು ಕೆಳಗೂ ಇರುವಂತೆ ಹಿಡಿದರೆ ಮಾಸ್ಫೆಟ್ಟಿನ ಎಡಗಾಲು ಗೇಟು, ನಡುಗಾಲು ಡ್ರೈನು, ಬಲಗಾಲು ಸೋರ್ಸು. ಡ್ರೈನು ಟ್ರಾನ್ಸ್‌ಫಾರ್ಮರಿನ ತುದಿಗೆ, ಸೋರ್ಸು ಬ್ಯಾಟರಿಯ ಮೈನಸ್ಸಿಗೆ. ಬೆನ್ನಿನ ಲೋಹದ ತಗಡೂ ಡ್ರೈನಿಗೆ ಸೇರಿರುವುದರಿಂದ, ಎರಡು ಮಾಸ್ಫೆಟ್‌ಗಳ ಹೀಟ್ ಸಿಂಕುಗಳು ಒಂದಕ್ಕೊಂದು ಮುಟ್ಟಬಾರದು.

ಬ್ಯಾಟರಿಯ ಪ್ಲಸ್ಸಿನ ಬುಡದಲ್ಲೇ ೧೫ ಆಂಪಿಯರಿನ ಫ್ಯೂಸು ಇರತಕ್ಕದ್ದು. ಬ್ಯಾಟರಿಯಿಂದ ಬರುವ ತಂತಿ ೪ ಚದರ ಮಿಲಿಮೀಟರಿನದಾಗಿರಲಿ, ಆದಷ್ಟು ಗಿಡ್ಡವಾಗಿರಲಿ. ಫ್ಯೂಸು ಸುಟ್ಟಿತೆಂದು ತಾಮ್ರದ ಎಳೆ ಸುತ್ತುವುದು ಕಳ್ಳನ ಕೈಗೆ ಬೀಗದ ಕೈ ಕೊಟ್ಟಂತೆ.

೮. ಇನ್ವರ್ಟರಿನ ಪರೀಕ್ಷೆ

ತಾಳಿದವನು ಬಾಳಿಯಾನು ಎಂಬ ಮಾತು ಇಲ್ಲಿ ಅಕ್ಷರಶಃ ಸತ್ಯ.

ಮೊದಲು ನಡುವಿನ ತಂತಿಯನ್ನು ಬಿಟ್ಟು, ಐ.ಸಿ.ಗೆ ಮಾತ್ರ ಬ್ಯಾಟರಿ ಕೊಡಿರಿ. ಡಿ.ಸಿ. ವೋಲ್ಟಿನಲ್ಲಿ ಪ್ರತಿ ಗೇಟನ್ನೂ ಅಳೆದರೆ ಬ್ಯಾಟರಿಯ ಅರ್ಧದಷ್ಟು, ಎಂದರೆ ಸುಮಾರು ೬ ವೋಲ್ಟು ಎರಡರಲ್ಲೂ ಸಮನಾಗಿ ಬರಬೇಕು. ಒಂದರಲ್ಲಿ ೧೨, ಇನ್ನೊಂದರಲ್ಲಿ ಸೊನ್ನೆ ಇದ್ದರೆ ತಾಳ ನಡೆಯುತ್ತಿಲ್ಲ; ಆ ಸ್ಥಿತಿಯಲ್ಲಿ ನಡುವಿನ ತಂತಿ ಕೊಟ್ಟರೆ ಅನಾಹುತ. ಮೀಟರಿನಲ್ಲಿ ಹರ್ಟ್ಸ್ ಅಳೆಯುವ ಸೌಲಭ್ಯವಿದ್ದರೆ ೫೦ ಬರುವಂತೆ ಪ್ರಿಸೆಟ್ಟನ್ನು ತಿರುಗಿಸಿರಿ. ೫೦ಕ್ಕಿಂತ ಬಹಳ ಕೆಳಗಿಳಿದರೆ ಟ್ರಾನ್ಸ್‌ಫಾರ್ಮರು ಕಾಯುತ್ತದೆ.

ಎರಡನೆಯದಾಗಿ, ಇಲ್ಲೂ ಸೀರೀಸ್ ಬಲ್ಬು. ಈ ಸಲ ಕಾರಿನ ಅಥವಾ ಟ್ರ್ಯಾಕ್ಟರಿನ ೧೨ ವೋಲ್ಟಿನ ಹೆಡ್‌ಲೈಟು ಬಲ್ಬು. ಬ್ಯಾಟರಿಯ ಪ್ಲಸ್ಸಿನಿಂದ ಫ್ಯೂಸು, ಫ್ಯೂಸಿನಿಂದ ಬಲ್ಬು, ಬಲ್ಬಿನಿಂದ ನಡುವಿನ ತಂತಿ. ದೀಪದ ಕಡೆ ಏನನ್ನೂ ಹಚ್ಚದೆ ಸ್ವಿಚ್ಚು ಒತ್ತಿರಿ. ಬಲ್ಬು ಕ್ಷಣ ಮಿನುಗಿ ಮಂಕಾದರೆ ಸರಿ. ಪೂರ್ಣ ಉರಿದರೆ ಎರಡು ಕೈಗಳೂ ಒಟ್ಟಿಗೆ ಎಳೆಯುತ್ತಿವೆ ಅಥವಾ ಮಾಸ್ಫೆಟ್ ಸತ್ತಿದೆ. ಆರಿಸಿ, ಹುಡುಕಿ, ತಿದ್ದಿರಿ. ಈ ಬಲ್ಬು ಇರುವವರೆಗೆ ತಪ್ಪಿನ ಬೆಲೆ ಬರಿಯ ಬೆಳಕು. ಅದಿಲ್ಲದಿದ್ದರೆ ತಪ್ಪಿನ ಬೆಲೆ ಬೆಂಕಿ.

ಮೂರನೆಯದಾಗಿ, ಹೆಡ್‌ಲೈಟು ಬಲ್ಬು ಇರುವಂತೆಯೇ ದೀಪದ ಕಡೆ ೯ ವ್ಯಾಟಿನ ಎಲ್.ಇ.ಡಿ. ಹಚ್ಚಿರಿ. ಉರಿದರೆ ಹೆಡ್‌ಲೈಟು ಬಲ್ಬು ತೆಗೆದು, ಫ್ಯೂಸು ಮಾತ್ರ ಉಳಿಸಿ, ಹೊರೆಯನ್ನು ಮೆಲ್ಲಮೆಲ್ಲನೆ ಏರಿಸಿರಿ: ಮೊದಲು ನಾಲ್ಕು ಎಲ್.ಇ.ಡಿ., ಆಮೇಲೆ ೬೦ ವ್ಯಾಟಿನ ತಂತಿ ಬಲ್ಬು. ೬೦ ವ್ಯಾಟಿಗೆ ಬ್ಯಾಟರಿಯಿಂದ ೬ ಆಂಪಿಯರಿನ ಆಸುಪಾಸು ಹೋಗಬೇಕು. ೮-೯ ಹೋಗುತ್ತಿದ್ದರೆ ಉಳಿದದ್ದು ಎಲ್ಲೋ ಕಾವಾಗಿ ನಷ್ಟವಾಗುತ್ತಿದೆ. ಅರ್ಧ ಗಂಟೆ ಓಡಿಸಿ, ಆರಿಸಿ, ಬ್ಯಾಟರಿ ಬಿಡಿಸಿದ ಮೇಲೆ ಹೀಟ್ ಸಿಂಕು, ಟ್ರಾನ್ಸ್‌ಫಾರ್ಮರು, ತಂತಿಯ ಕೂಡುಗಳನ್ನು ಮುಟ್ಟಿ ನೋಡಿರಿ.

ವೋಲ್ಟು ಅಳೆಯುವಾಗ ಒಂದು ಮೋಸವಿದೆ. ಸಾಧಾರಣ ಮಲ್ಟಿಮೀಟರು ಲೈನಿನ ಕರೆಂಟಿಗೆಂದು ಮಾಡಿದ್ದು. ಮೆಟ್ಟಿಲಿನಂಥ ಈ ಕರೆಂಟನ್ನು ಅದು ನೂರಕ್ಕೆ ೧೧ರಷ್ಟು ಹೆಚ್ಚಾಗಿ ತೋರಿಸುತ್ತದೆ. ಅದು ೨೫೦ ಎಂದರೆ ನಿಜವಾಗಿ ಇರುವುದು ೨೨೫. ಮೀಟರಿನ ಮಾತು ನಂಬಿ ಸುತ್ತು ಬಿಚ್ಚಲು ಹೋಗಬೇಡಿರಿ.

ಈ ೨೩೦ ವೋಲ್ಟು ಬಿಸಿಲಿನದೆಂದು ಮೃದುವಾಗಿರುವುದಿಲ್ಲ. ಲೈನಿನ ಕರೆಂಟಿನಷ್ಟೇ ಇದೂ ಕೊಲ್ಲಬಲ್ಲದು. ಎಲ್ಲವನ್ನೂ ಗಾಳಿಯಾಡುವ ಕಿಂಡಿಗಳುಳ್ಳ ಪೆಟ್ಟಿಗೆಯಲ್ಲಿಟ್ಟು, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ ಕೂರಿಸಿರಿ.

೯. ಪ್ಯಾನೆಲು ಮತ್ತು ಬ್ಯಾಟರಿ

೩೬ ಬಿಲ್ಲೆಗಳ ೧೦೦ ವ್ಯಾಟಿನ ಪ್ಯಾನೆಲನ್ನು ಬಿಸಿಲಿಗಿಟ್ಟು, ಏನನ್ನೂ ಜೋಡಿಸದೆ ಅಳೆದರೆ ೨೧ ವೋಲ್ಟಿನ ಆಸುಪಾಸು ಬರುತ್ತದೆ. ಮೀಟರಿನ ೧೦ ಆಂಪಿಯರಿನ ಕುಳಿಗೆ ತಂತಿ ಹಾಕಿ ಪ್ಯಾನೆಲಿನ ಎರಡು ತುದಿ ಮುಟ್ಟಿಸಿದರೆ ನಡುಹಗಲಿನಲ್ಲಿ ಸುಮಾರು ೬ ಆಂಪಿಯರ್ ತೋರಬೇಕು. ಈ ಪರೀಕ್ಷೆ ಪ್ಯಾನೆಲಿಗೆ ಮಾತ್ರ. ಬ್ಯಾಟರಿಗೆ ಹೀಗೆ ಮಾಡಿದರೆ ಮೀಟರು ಸಿಡಿದು ಕೈಮುಖ ಸುಡುತ್ತದೆ.

ಪ್ಯಾನೆಲನ್ನು ದಕ್ಷಿಣಕ್ಕೆ ಮುಖ ಮಾಡಿ ೧೫ ಡಿಗ್ರಿಯಷ್ಟು ಓರೆಯಾಗಿ ಇಡಿರಿ. ಒಂದೇ ತೆಂಗಿನ ಗರಿಯ ನೆರಳು ಒಂದು ಮೂಲೆಗೆ ಬಿದ್ದರೂ ಇಡೀ ಪ್ಯಾನೆಲಿನ ಹುಟ್ಟುವಳಿ ಕುಸಿಯುತ್ತದೆ. ಬೆಳಗಿನ ತಂಪಿನಲ್ಲಿ ನೀರು ಹಾಕಿ ಧೂಳು ಒರಸಿರಿ. ಕಂಟ್ರೋಲರಿಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲು ಜೋಡಿಸತಕ್ಕದ್ದು.

ಒಂದೆರಡು ಗಂಟೆ ಸುಮ್ಮನಿದ್ದ ಬ್ಯಾಟರಿ ೧೨.೭ ವೋಲ್ಟು ತೋರಿದರೆ ತುಂಬಿದೆ, ೧೨.೨ ಎಂದರೆ ಅರ್ಧ, ೧೧.೮ ಎಂದರೆ ಬರಿದಾಗುತ್ತ ಬಂದಿದೆ. ನೀರು ತಗ್ಗಿದಾಗ ಡಿಸ್ಟಿಲ್ಡ್ ವಾಟರನ್ನೇ ಹಾಕಿರಿ, ಬಾವಿಯ ನೀರು ಬೇಡ. ತುಂಬುವಾಗ ಬ್ಯಾಟರಿಯಿಂದ ಹೊರಡುವ ಅನಿಲ ಬೆಂಕಿ ಕಂಡರೆ ಸ್ಫೋಟಿಸುತ್ತದೆ. ಆದುದರಿಂದ ಅಡಿಗೆಮನೆ, ದೇವರ ದೀಪ, ಬೀಡಿ ಇವೆಲ್ಲ ಅದರಿಂದ ದೂರ. ಆಸಿಡ್ ಮೈಗೆ ತಾಗಿದರೆ ಧಾರಾಳ ನೀರಿನಿಂದ ಬಹಳ ಹೊತ್ತು ತೊಳೆ‌ಯಿರಿ. ಕಣ್ಣಿಗೆ ಬಿದ್ದರೆ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿರಿ.

೧೦. ಎಂದಿಗೂ ಮಾಡಬಾರದ ಒಂದು ಕೆಲಸ

ಇಷ್ಟೆಲ್ಲ ಆದಮೇಲೆ ಒಂದು ಆಸೆ ಹುಟ್ಟುತ್ತದೆ. ಎರಡು ಕಡೆಯೂ ಪ್ಲಗ್ಗು ಇರುವ ತಂತಿಯೊಂದನ್ನು ಮಾಡಿ, ಇನ್ವರ್ಟರನ್ನು ಗೋಡೆಯ ಸಾಕೆಟ್ಟಿಗೆ ಚುಚ್ಚಿದರೆ ಮನೆಯ ಎಲ್ಲ ದೀಪಗಳೂ ಉರಿಯುತ್ತವಲ್ಲ ಎಂದು. ಇದನ್ನು ಎಂದೂ, ಯಾವ ಕಾರಣಕ್ಕೂ ಮಾಡಬೇಡಿರಿ.

ಟ್ರಾನ್ಸ್‌ಫಾರ್ಮರಿಗೆ ಹಿಂದು ಮುಂದು ಎಂಬುದಿಲ್ಲ. ನಮ್ಮ ಪುಟ್ಟ ಟ್ರಾನ್ಸ್‌ಫಾರ್ಮರನ್ನು ಲೈನಿನ ಕಡೆಯಿಂದ ಪರೀಕ್ಷಿಸಿದಾಗ ಅದು ೨೩೦ನ್ನು ೧೩ಕ್ಕೆ ಇಳಿಸಿತು. ಬ್ಯಾಟರಿಯ ಕಡೆಯಿಂದ ಕೊಟ್ಟಾಗ ೧೩ನ್ನು ೨೩೦ಕ್ಕೆ ಏರಿಸಿತು. ಊರ ಟಿ.ಸಿ.ಯೂ ಅದೇ ಜಾತಿಯದು ಎಂದು ಮೊದಲೇ ಹೇಳಿದೆವು. ಕರೆಂಟು ಹೋದಾಗ ನಿಮ್ಮ ಮನೆಯಿಂದ ಲೈನಿಗೆ ಹಿಮ್ಮುಖವಾಗಿ ಹರಿದ ವಿದ್ಯುತ್ತನ್ನು ಅದು ಮೇಲಕ್ಕೇರಿಸಿ, ಸತ್ತಿದೆ ಎಂದುಕೊಂಡ ತಂತಿಗೆ ಸಾವಿರಾರು ವೋಲ್ಟು ತುಂಬಬಲ್ಲದು. ಅದೇ ಹೊತ್ತಿಗೆ, ನಿಮಗೇ ಕರೆಂಟು ಕೊಡಬೇಕೆಂದು, ಮಳೆಯಲ್ಲಿ ಕಂಬ ಹತ್ತಿರುವ ಲೈನ್‌ಮನ್ ಆ ತಂತಿಗೆ ಕೈ ಹಾಕುತ್ತಾನೆ. ಅವನೂ ಒಂದು ಮನೆಯ ಮಗ. ನಿಮ್ಮ ಮನೆಯ ದೀಪ ಅವನ ಮನೆಯ ದೀಪವನ್ನು ಆರಿಸಬಾರದು. ಇತ್ತ ಲೈನು ಮರಳಿ ಬಂದ ಕ್ಷಣ ನಿಮ್ಮ ಇನ್ವರ್ಟರು ಸಿಡಿಯುವುದೂ ಖಂಡಿತ.

ಆದುದರಿಂದ ಇನ್ವರ್ಟರಿನ ದೀಪಗಳಿಗೆ ಬೇರೆಯೇ ತಂತಿ, ಬೇರೆಯೇ ಸ್ವಿಚ್ಚು, ಬೇರೆಯೇ ಹೋಲ್ಡರು. ಮನೆಯ ವೈರಿಂಗಿಗೂ ಇದಕ್ಕೂ ಎಲ್ಲಿಯೂ ಸಂಬಂಧ ಕೂಡದು. ಲೈನಿಗೆ ಸೇರಿಸುವ ಸೌರ ವಿದ್ಯುತ್ತಿಗೆ ವಿದ್ಯುತ್ ಕಂಪನಿಯ ಅನುಮತಿ ಬೇಕು. ಲೈನು ಹೋದೊಡನೆ ತಾನಾಗಿ ನಿಲ್ಲುವ, ಅದಕ್ಕೆಂದೇ ಕಾರ್ಖಾನೆಯಲ್ಲಿ ಮಾಡಿದ ಇನ್ವರ್ಟರೂ ಬೇಕು.

ಕೊನೆಯ ಮಾತು

ಪೇಟೆಯ ಒಳ್ಳೆಯ ಇನ್ವರ್ಟರಿನಲ್ಲಿ ಇರುವ ಎಷ್ಟೋ ರಕ್ಷಣೆಗಳು ಇದರಲ್ಲಿಲ್ಲ. ಆದರೂ ಒಂದು ಸಲ ಕೈಯಾರೆ ಸುತ್ತಿ, ಅಳೆದು, ತಪ್ಪು ಹುಡುಕಿ ತಿದ್ದಿದವರಿಗೆ ವಿದ್ಯುತ್ತು ಮಂತ್ರವಾಗಿ ಉಳಿಯುವುದಿಲ್ಲ. ಪಂಪುಸೆಟ್ಟಿನ ಸ್ಟಾರ್ಟರು ಕೆಟ್ಟಾಗ, ಊರ ಟಿ.ಸಿ. ಸುಟ್ಟಾಗ, ಮಾರುವವರು ಸುಳ್ಳು ಹೇಳಿದಾಗ ಆ ತಿಳಿವಳಿಕೆ ಉಪಯೋಗಕ್ಕೆ ಬರುತ್ತದೆ. ಊರಿನ ಯುವಕ ಸಂಘದವರೂ ಸ್ವಸಹಾಯ ಸಂಘದ ಹೆಣ್ಣುಮಕ್ಕಳೂ ಸೇರಿ, ಐದಾರು ಮನೆಗೊಂದು ಸೀರೀಸ್ ಬಲ್ಬಿನ ಹಲಗೆ, ಒಂದು ಮಲ್ಟಿಮೀಟರು ಇಟ್ಟುಕೊಳ್ಳುವುದು ಒಳ್ಳೆಯದು. ಯಾವ ಹೊಸ ಯಂತ್ರವಾದರೂ ಮೊದಲು ಬಲ್ಬಿನ ಮೂಲಕ ಹಾದು ಬರಲಿ.

ಮನನಕ್ಕೆ ಪ್ರಶ್ನೆಗಳು

೧. ಬ್ಯಾಟರಿಯನ್ನು ನೇರವಾಗಿ ಟ್ರಾನ್ಸ್‌ಫಾರ್ಮರಿಗೆ ಜೋಡಿಸಿದರೆ ವೋಲ್ಟು ಏಕೆ ಏರುವುದಿಲ್ಲ?
೨. ಸೀರೀಸ್ ಬಲ್ಬು ಬೆಳ್ಳಗೆ ಉರಿದರೆ ಏನೆಂದು ತಿಳಿಯಬೇಕು?
೩. ತುದಿಯಿಂದ ತುದಿಗೆ ೨೬ ವೋಲ್ಟಿನ ಬದಲು ಸೊನ್ನೆ ಬಂದರೆ ತಪ್ಪು ಎಲ್ಲಿದೆ?
೪. ನಿಮ್ಮ ಮನೆಯ ರಾತ್ರಿಯ ಖರ್ಚು ಎಷ್ಟು ವ್ಯಾಟ್-ಗಂಟೆ? ಮನೆಯವರೆಲ್ಲ ಕೂತು ಲೆಕ್ಕ ಹಾಕಿರಿ.
೫. ಇನ್ವರ್ಟರನ್ನು ಗೋಡೆಯ ಸಾಕೆಟ್ಟಿಗೆ ಚುಚ್ಚಬಾರದು ಏಕೆ? ಉತ್ತರವನ್ನು ನೆರೆಮನೆಯವರಿಗೂ ಹೇಳಿರಿ.